ಎರಡು ಕೋರು, ಹದಿನೇಳು ವಾಟು

ಬಿಚ್ಚಬೇಡ ಕಣಮ್ಮ ಭಾನು, ಹಂಗೇ ಇಡು. ಸ್ಕ್ರೂಡ್ರೈವರ್ ಆ ಕಡೆ ಹಾಕು. ನಾನು ನೋಡ್ತೀನಿ ಅಂದ್ನಲ್ಲ, ಇಲ್ಲೇ ಬಿಟ್ಟು ಹೋಗು. ನಾಳೆ ಬಾ... ಬೇಡ, ನಾಳಿದ್ದು ಬಾ. ಏನಾಗಿತ್ತು ಅಂತ ಪೂರ್ತಿ ಹೇಳ್ತೀನಿ. ಅಲ್ಲ, ಇಷ್ಟು ಹೇಳಿದ್ರೂ ಡಬ್ಬದ ಮೇಲಿಂದ ಕೈ ತೆಗೀತಿಲ್ವಲ್ಲ ನೀನು.

ಕೂತ್ಕೋ. ಜಂಗಮಕೋಟೆಯಿಂದ ಶಿಡ್ಲಘಟ್ಟದ ತನಕ ಸ್ಕೂಟರಲ್ಲಿ ಇದನ್ನ ಕಾಲ ಹತ್ರ ಇಟ್ಕೊಂಡು ಬಂದಿದ್ದೀಯ, ಮುಖ ಎಲ್ಲಾ ಧೂಳು. ದಿಲ್ಷಾದ್... ಏ ದಿಲ್ಷಾದ್, ಒಂದು ಲೋಟ ಚಾಯ್ ಇಡು, ಯಶೋದಕ್ಕನ ಮಗಳು ಬಂದವ್ಳೆ. ಬೇಡ್ವಾ? ನೀರಾದ್ರೂ ಕುಡಿ. ಅದೂ ಬೇಡ. ಸರಿ ಬಿಡು.

ನಿನ್ನೆ ತಿಥಿಗೆ ನಾನು ಬರಬೇಕಾಗಿತ್ತು. ಬರ್ಲಿಲ್ಲ. ಅಂಗಡೀಲಿ ಕೆಲಸ ಇತ್ತು... ಹಂಗ್ ನೋಡಬೇಡಮ್ಮ. ಅಕ್ಕನ ತಿಥಿಗಿಂತ ದೊಡ್ಡ ಕೆಲಸ ಏನು ಅಂತೀಯ. ನಮ್ಮ ಅಬ್ಬಾ ರೇಷ್ಮೆ ನೂಲು ತೆಗೆಯೋ ಕಾಲದಿಂದ ನಿಮ್ಮನೆ ಗೂಡು ನಮ್ಮನೆ ಒಲೆ ಮೇಲೆ ಬೆಂದಿದ್ದು. ನೂಲಿನ ಬಾಣಲಿ ಕೆಲಸ ನಿಂತು, ನಾನು ಕಂಪ್ಯೂಟರ್ ಅಂಗಡಿ ಇಟ್ಟ ಮೇಲೂ ಅಕ್ಕ ಬಿಡ್ಲಿಲ್ಲ. ಪೇಟೆಗೆ ಬಂದಾಗೆಲ್ಲ ಒಂದು ಚೀಲ ಸೊಪ್ಪೋ ಅವರೆಕಾಯೋ ಈ ಟೇಬಲ್ ಮೇಲೆ ಸುರಿದು, ಏಮಪ್ಪಾ ಅಮಾನುಲ್ಲಾ, ಬಾಗುನ್ನಾವಾ, ಅಂತ ತೆಲುಗಲ್ಲಿ ಕ್ಷೇಮ ಕೇಳಿ ಹೋಗೋರು. ನನಗೂ ಅಳು ಬರುತ್ತೆ ಕಣಮ್ಮ. ನಿನ್ನ ಮುಂದೆ ಅಳಬಾರದು ಅಂತ ಮಾತಾಡ್ತಾ ಇದ್ದೀನಿ.

ನೀನು ಬಂದಾಗಿಂದ ಕೇಳಿದ್ದು ಒಂದೇ ಮಾತು. ರೇಷ್ಮೆ ಹುಳುಮನೇಲಿ ಇದ್ದಿಲ ವಿಷಗಾಳಿ ತುಂಬ್ಕೊಂಡ್ರೆ ಕೂಗಬೇಕಾದ ಮೆಶೀನು ಅವತ್ತು ಯಾಕೆ ಕೂಗ್ಲಿಲ್ಲ. ನಿಮ್ಮಪ್ಪನಿಗೆ ಅವತ್ತೇ ಹೇಳಿದ್ದೀನಲ್ಲ. ನಿಂತು ಹೋಗಿತ್ತು. ಹಳೇ ಮಾಲು ಭಾನು. ಇದರೊಳಗೆ ಇರೋ ಪ್ರೊಸೆಸರು ಹನ್ನೆರಡು ವರ್ಷದ್ದು. ಎರಡೇ ಕೋರು. ಈಗಿನ ಮಕ್ಕಳ ಫೋನಲ್ಲೇ ಎಂಟಿರುತ್ತೆ. ಆ ವಾರ ಎಂಥ ಚಳಿ, ಸೈಕ್ಲೋನ್ ಜಡಿಮಳೆ, ಎರಡು ದಿನ ಸೂರ್ಯ ಕಂಡಿರ್ಲಿಲ್ಲ. ಕರೆಂಟು ಬೆಳಿಗ್ಗೆ ಹೋಗಿದ್ದು ಹೋಗಿದ್ದೇ. ಹಳೇ ಜೀವ, ತಡೀಲಿಲ್ಲ, ನಿಂತೋಯ್ತು. ಮೆಶೀನು ಅಂದ ಮೇಲೆ ಅಷ್ಟೇ ಅಲ್ವಾ.

ಏನದು, ನಗ್ತಿದ್ದೀಯಾ? ಗುಜರಿ ತಂದು ಹಾಕಿದ್ದಾ ನಮ್ಮನೇಲಿ, ಅಂತಾನಾ? ಇಲ್ಲಮ್ಮ. ಬೇರೆ ಏನಾದ್ರೂ ಅನ್ನು, ಗುಜರಿ ಅನ್ನಬೇಡ. ನೀನು ಮುದ್ದೇನಹಳ್ಳಿ ಕಾಲೇಜಲ್ಲಿ ಲ್ಯಾಬ್ ನೋಡ್ಕೊಳ್ಳೋಳು, ನಿನಗೆ ಗೊತ್ತಾಗುತ್ತೆ, ಕೇಳು. ನನ್ನ ಬಾಮೈದ ಜಾಹಿದ್ ಬೆಂಗಳೂರಲ್ಲಿ ಕಂಪನಿಗಳು ಬಿಸಾಕೋ ಸರ್ವರ್ ಎತ್ತೋ ಕೆಲಸ ಮಾಡ್ತಾನೆ. ಎಲ್ಲರೂ ದೊಡ್ಡ ದೊಡ್ಡದಕ್ಕೆ ಕಿತ್ತಾಡ್ತಾರೆ, ಹದಿನಾರು ಕೋರು, ಇಪ್ಪತ್ತು ಕೋರು. ಈ ಎರಡು ಕೋರಿನದ್ದು ಒಂದು ಗೋಣಿಚೀಲದಲ್ಲಿ ಹಂಗೇ ಬಿದ್ದಿತ್ತು, ಯಾರಿಗೂ ಬೇಡ. ನನಗೆ ಕೊಡಪ್ಪ ಅಂದೆ. ಯಾಕೆ ಗೊತ್ತಾ? ಹದಿನೇಳು ವಾಟು. ಹದಿನೇಳೇ. ನಿಮ್ಮ ಕೊಟ್ಟಿಗೇಲಿ ಉರಿಯೋ ಬಲ್ಬಿಗೆ ಇದಕ್ಕಿಂತ ಜಾಸ್ತಿ ಬೇಕು. ಬಿಸಿ ಆಗಲ್ಲ, ಫ್ಯಾನ್ ಬೇಡ. ಫ್ಯಾನ್ ಇಲ್ಲ ಅಂದ್ರೆ ಹುಳುಮನೆ ಧೂಳು, ಸುಣ್ಣದ ಪುಡಿ ಒಳಗೆ ಹೋಗಲ್ಲ. ನಮ್ಮ ಕಡೆ ಕರೆಂಟಿಗೆ ಇಂಥದ್ದೇ ಬೇಕು. ಒಂದು ಬ್ಯಾಟರಿ ಇಟ್ಟರೆ ಇಡೀ ಹಗಲು ನಡೆಯುತ್ತೆ.

ಮನೆ ಕಂಪ್ಯೂಟರಿಗೆ ಮಾಡಿದ್ದಲ್ಲ ಇದು, ಸರ್ವರಿಗೇ ಅಂತ ಮಾಡಿದ್ದು. ಮೆಮೊರೀಲಿ ಒಂದು ಅಕ್ಷರ ಕೆಟ್ಟರೂ ತಾನೇ ಹಿಡ್ಕೊಂಡು ತಿದ್ಕೊಳ್ಳುತ್ತೆ. ಒಂದು ಕೋರು ಹುಳುಮನೆ ನೋಡ್ತಾ ಕೂತಿರುತ್ತೆ, ಬಿಸಿ ಎಷ್ಟು, ತೇವ ಎಷ್ಟು, ಗಾಳಿ ಹೆಂಗೈತೆ, ಬಾಗಿಲು ತೆಗೆದೈತಾ ಮುಚ್ಚೈತಾ. ಇನ್ನೊಂದು ಕೋರು ಸುದ್ದಿ ಕಳಿಸುತ್ತೆ. ಸುಸ್ತು ಅನ್ನಲ್ಲ, ನಿದ್ದೆ ಅನ್ನಲ್ಲ. ಈ ತಾಲ್ಲೂಕಲ್ಲಿ ಹನ್ನೊಂದು ಹುಳುಮನೇಲಿ ಇಟ್ಟಿದ್ದೀನಿ, ಒಂದೂ ಇವತ್ತಿನ ತನಕ ಸತ್ತಿಲ್ಲ. ನಿಮ್ಮನೇದು ಹಾಕಿ ನಾನೂರು ದಿನದ ಮೇಲಾಯ್ತು, ಒಂದು ಗಳಿಗೆ ನಿಂತಿದ್ರೆ ಕೇಳು...

ಅವತ್ತು ಬಿಟ್ಟು. ಅವತ್ತು ಬಿಟ್ಟು ಅಂತಲೇ ನಾನು ಹೇಳ್ತಿರೋದು.

ಡಬ್ಬಾನೂ ನನ್ನನ್ನೂ ತಿರುಗಿ ತಿರುಗಿ ನೋಡ್ತಿದ್ದೀಯ. ನಾನು ಒಂದು ಕಡೆ ಹಳೇದು, ತಡೀಲಿಲ್ಲ ಅಂತೀನಿ, ಇನ್ನೊಂದು ಕಡೆ ಸಾಯಲ್ಲ ಅಂತೀನಿ, ಅದಕ್ಕೆ ತಾನೇ? ನನ್ನ ಬಾಯಿ ಹಂಗೇ ಕಣಮ್ಮ. ದಿಲ್ಷಾದ್ ಬೈತಾಳೆ, ನಿನಗೆ ಹೆಂಡತಿ ಮಕ್ಕಳ ಮೇಲೆ ಇಲ್ಲದ ಪ್ರೀತಿ ಈ ಡಬ್ಬಗಳ ಮೇಲೆ ಅಂತ.

ಸೈರನ್ನಾ? ಹೇಳ್ತೀನಿ, ಅದರಲ್ಲಿ ಮುಚ್ಚಿಡೋದೇನೈತೆ. ಸೈರನ್ ವೈರು ಕಿತ್ತಿದ್ದು ನಾನೇ. ಆದ್ರೆ ಕೀಳಿಸಿದ್ದು ನಿಮ್ಮಮ್ಮ. ಆಣೆ ಮಾಡಿ ಹೇಳ್ತೀನಿ. ನೀನು ಹುಳುಮನೇಲೇ ಬೆಳೆದೋಳು, ನಿನಗೆ ಗೊತ್ತಲ್ಲ, ಹುಳು ಜ್ವರಕ್ಕೆ ಕೂತಾಗ ಅಕ್ಕ ಹೆಂಗಾಡ್ತಿದ್ರು ಅಂತ. ಹುಳು ಪೊರೆ ಬಿಡೋ ಹೊತ್ತು, ಸೊಪ್ಪು ಮುಟ್ಟಲ್ಲ, ತಲೆ ಎತ್ಕೊಂಡು ಅಲ್ಲಾಡದೆ ಇರುತ್ತೆ. ಆಗ ಹುಳುಮನೇಲಿ ಜೋರಾಗಿ ಮಾತಾಡಂಗಿಲ್ಲ. ಪಾತ್ರೆ ಸದ್ದು ಆಗಂಗಿಲ್ಲ. ನಿಮ್ಮಪ್ಪ ಕೆಮ್ಮಿದ್ರೆ ಹೊರಗೆ ಕಳಿಸೋರು. ಅಂಥದ್ರಲ್ಲಿ ಹೋದ ಸಲ ಮೂರನೇ ಜ್ವರದಲ್ಲಿ ಚಳಿಗೆ ಅಂತ ಕುಂಪಟಿಗೆ ಇದ್ದಿಲು ಹಾಕಿ ಇಟ್ಟವ್ರೆ, ಗಾಳಿ ಕೆಟ್ಟೈತೆ, ಸೈರನ್ ಹೊಡ್ಕೊಂಡೈತೆ. ಅಕ್ಕ ನನಗೆ ಫೋನ್ ಮಾಡಿ ಬೈದಿದ್ದು ಅಂತಿಂಥ ಬೈಗುಳ ಅಲ್ಲ. ಹುಳು ಬೆಚ್ಚಿ ಬಿತ್ತು, ಅರ್ಧ ಪೊರೆಲೇ ನಿಂತೋಗುತ್ತೆ, ನಿನ್ನ ಕೂಗುಮಾರಿನ ಬಂದು ಕಿತ್ಕೊಂಡು ಹೋಗು ಅಂತ.

ಹುಳುಗೆ ಕಿವಿ ಇಲ್ಲ ಅಕ್ಕ ಅಂತ ನಾನು ಹೇಳಬಹುದಿತ್ತು. ಹೇಳ್ಲಿಲ್ಲ. ಮೂವತ್ತು ವರ್ಷ ಹುಳು ಸಾಕಿದೋರಿಗೆ ನಾನೇನು ಹೇಳೋದು. ಬಂದು ವೈರು ಕಿತ್ತೆ. ಕಿತ್ತು ಹಂಗೇ ಬಿಡ್ಲಿಲ್ಲ. ಸದ್ದು ಬೇಡ ಅಂದ್ರೆ ಬೇಡ, ಸುದ್ದಿ ನನ್ನ ಫೋನಿಗೆ ಬರ್ಲಿ, ನಾನು ನಿಮಗೆ ಫೋನ್ ಮಾಡಿ ಹೇಳ್ತೀನಿ, ನೀವು ಬಾಗಿಲು ತೆಗೀರಿ, ಅಷ್ಟೇ, ಅಂತ ಅಕ್ಕನಿಗೆ ಹೇಳಿದೆ. ನೀನು ಇದ್ದೆಯಲ್ಲ ಅವತ್ತು, ಮಜ್ಜಿಗೆ ತಂದುಕೊಟ್ಟು ಕಾಲೇಜಿಗೆ ಹೋದೆ. ಅಕ್ಕ ನನ್ನ ಕೈಲಿ ಕೈ ಮೇಲೆ ಕೈ ಹಾಕಿಸಿ ಭಾಷೆ ತಗೊಂಡ್ರು. ಮರೀಬೇಡಪ್ಪಾ ಅಂತ.

ಮರೀತಿರ್ಲಿಲ್ಲ ಭಾನು. ಆಮೇಲೆ ಎಷ್ಟು ಸಲ ಫೋನ್ ಮಾಡಿದ್ದೀನಿ ಗೊತ್ತಾ? ಊಟ ಮಾಡ್ತಾ ಮಾಡಿದ್ದೀನಿ, ಬಸ್ಸಲ್ಲಿ ನಿಂತ್ಕೊಂಡು ಮಾಡಿದ್ದೀನಿ. ಅಕ್ಕಾ, ಬಾಗಿಲು. ಅಷ್ಟೇ ಮಾತು. ಅವರು ನಗೋರು, ಇಲ್ಲಿ ಪಕ್ಕದಲ್ಲಿರೋರಿಗೆ ಗೊತ್ತಾಗಲ್ಲ, ನಾನು ಬಾಗಿಲು ತೆಗೆದಿಲ್ಲ ಅಂತ ಶಿಡ್ಲಘಟ್ಟದಲ್ಲಿ ಕೂತೋನಿಗೆ ಗೊತ್ತಾಗುತ್ತಲ್ಲಪ್ಪಾ ಅಂತ. ಹತ್ತು ಸಲ ಬಂದ್ರೆ ಒಂಬತ್ತು ಸಲ ಅವರೇ ಆಗ್ಲೇ ಬಾಗಿಲು ತೆಗೆದಿರೋರು. ಒಂಬತ್ತು ಸಲ.

ಅವತ್ತು ನಾಲ್ಕನೇ ಜ್ವರ. ಕರೆಂಟಿಲ್ಲ, ಹೀಟರಿಲ್ಲ, ಗಾಳಿ ಎಳೆಯೋ ಫ್ಯಾನೂ ಇಲ್ಲ. ನಿಮ್ಮಪ್ಪ ಮಧ್ಯಾಹ್ನ ಕುಂಪಟಿ ಹೊತ್ತಿಸಿ ಒಳಗಿಟ್ಟು ತೋಟಕ್ಕೆ ಹೋದ್ರು. ಜ್ವರದಲ್ಲಿ ಸೊಪ್ಪು ಹಾಕೋ ಕೆಲಸ ಇಲ್ಲ, ತಿಂಗಳಲ್ಲಿ ಹುಳುಗೆ ಜ್ವರ ಇರೋ ಈ ನಾಲ್ಕು ದಿನವೇ ಅಕ್ಕನಿಗೆ ಬೆನ್ನು ನೆಲಕ್ಕೆ ತಾಗೋದು, ಹುಳುಮನೆ ಬೆಚ್ಚಗಿತ್ತು, ಅಲ್ಲೇ ಚಾಪೆ ಹಾಕ್ಕೊಂಡು ಮಲಗಿದ್ರು. ಕಿಟಕಿಗೆಲ್ಲ ಪ್ಲಾಸ್ಟಿಕ್ ಕಟ್ಟಿದ್ರು. ಹಂಗಾಯ್ತು. ಹುಳುಗೆ ಏನೂ ಆಗ್ಲಿಲ್ಲ ನೋಡು. ಅವಕ್ಕೆ ನಮ್ಮಂಗೆ ರಕ್ತ ಇಲ್ಲ, ಇದ್ದಿಲ ಗಾಳಿ ಅವನ್ನ ಏನೂ ಮಾಡಲ್ಲ. ಮಾರನೇ ದಿನ ಅಕ್ಕನ್ನ ಮಣ್ಣಿಗೆ ಒಯ್ಯೋ ಹೊತ್ತಿಗೆ ಜ್ವರದಿಂದ ಎದ್ದು ಸೊಪ್ಪಿಗೆ ತಲೆ ಆಡಿಸ್ತಿದ್ವು. ಪಕ್ಕದ ಮನೆ ಮುನಿಲಕ್ಷ್ಮಿ ಅಳ್ತಾ ಅಳ್ತಾ ಸೊಪ್ಪು ಹಾಕಿದ್ಳು. ನಾನು ಕಣ್ಣಾರೆ ನೋಡ್ದೆ.

ಅಪ್ಪ ಹೆಂಗವ್ರೆ? ... ಊಟ? ... ಇನ್ನೂ ಮಾಡ್ತಿಲ್ವಾ. ಚಂದ್ರಿಕೆ ತಟ್ಟಿ ಮೇಲೆ ಹುಳು ಗೂಡು ಕಟ್ಟಾಗಿ ಬಿಡಿಸೋ ಹೊತ್ತಾಯ್ತು, ಹುಳುಮನೆ ಒಳಗೆ ಕಾಲಿಡ್ತಿಲ್ಲ ಅಂತ ಕೇಳ್ದೆ. ಕುಂಪಟಿ ಹೊತ್ತಿಸಿದ್ದು ನಾನು, ನನ್ನ ಕೈಯಾರೆ ಸಾಯಿಸ್ದೆ ಅಂತ ಬಂದೋರಿಗೆಲ್ಲ ಹೇಳ್ತಾವ್ರಂತೆ. ಪಾಪ. ನೀನು ಹೇಳಬೇಕಮ್ಮ ಅವರಿಗೆ, ಯಾರದ್ದೂ ತಪ್ಪಲ್ಲ ಅಂತ. ಮೆಶೀನು ಹಳೇದಿತ್ತು, ಅವತ್ತೇ ಕೈ ಕೊಡ್ತು ಅಂತ...

ಏನು ಮಾಡ್ತಿದ್ದೀಯ? ಆ ವೈರು ಬಿಡು. ಅದು ಆನ್ ಆಗಲ್ಲ ಭಾನು, ಸತ್ತೋಗೈತೆ ಅಂದ್ನಲ್ಲ. ಸುಮ್ಮನೆ ಶಾರ್ಟ್ ಆದ್ರೆ ಅಂಗಡಿ ಎಲ್ಲಾ... ನನ್ನ ಮಾನಿಟರ್ ಕೇಬಲ್ ಯಾಕೆ ಕೀಳ್ತೀಯ. ಭಾನು. ಮಾತು ಕೇಳಮ್ಮ. ಹೊಸದು ಕೊಡ್ತೀನಿ, ನಾಳೆನೇ ಬಂದು ಹಾಕ್ತೀನಿ, ಇದನ್ನ ನನಗೆ ಬಿಡು. ನಿನಗೆ ಕೈ ಮುಗೀತೀನಿ.

...

ಹ್ಞೂಂ. ಬಂತು.

ಹಸಿರು ದೀಪ. ನೋಡು, ಒಂದು ನಿಮಿಷ ತಗೊಳ್ಲಿಲ್ಲ. ಹನ್ನೆರಡು ವರ್ಷದ ಪ್ರೊಸೆಸರು.

ಅವತ್ತಿನ ದಿನ ತೆಗೆದ್ಯಾ. ಸರಿ. ಓದು... ನಾನೇ ಓದ್ಲಾ? ಕನ್ನಡದಲ್ಲೇ ಬರೋ ಹಂಗೆ ಬರೆದಿದ್ದು ನಾನೇ, ಅಕ್ಕನಿಗೂ ಓದೋಕೆ ಬರ್ಲಿ ಅಂತ. ಗಾಳಿ ನೂರು ದಾಟಿದ್ರೆ ಸುದ್ದಿ ಕಳಿಸೋ ಹಂಗಿಟ್ಟಿದ್ದೆ. ಎರಡು ಗಂಟೆ ಹತ್ತು ನಿಮಿಷ, ಗಾಳಿ ಕೆಟ್ಟಿದೆ, ನೂರಾ ಹತ್ತು. ಅಮಾನುಲ್ಲಾಗೆ ಕಳಿಸಿದೆ. ಅಮಾನುಲ್ಲಾ ಓಕೆ. ಎರಡೂ ಹದಿನೇಳು, ನೂರಾ ತೊಂಬತ್ತು, ಕಳಿಸಿದೆ. ಅಮಾನುಲ್ಲಾ ಓಕೆ. ಎರಡೂ ಇಪ್ಪತ್ತನಾಲ್ಕು, ಇನ್ನೂರಾ ಎಂಬತ್ತು. ಅಮಾನುಲ್ಲಾ ಓಕೆ. ಎರಡೂ ಮೂವತ್ತೊಂದು... ಸಾಕು ಭಾನು. ಮಿಕ್ಕಿದ್ದು ನೀನೇ ನೋಡ್ಕೋ.

ಅಳಬೇಡ. ಅಳ್ತಿಲ್ವಾ ನೀನು? ನಿನ್ನ ಮುಖ ನನಗೆ ಕಾಣಿಸ್ತಿಲ್ಲ, ನನ್ನ ಕಣ್ಣೇ ಮಂಜಾಗೈತೆ.

ಎಲ್ಲಿದ್ದೆ ಅಂತಾನಾ? ಚಿಂತಾಮಣಿ ಕಡೆ, ಅಂಬಾಜಿದುರ್ಗದ ಬುಡದಲ್ಲಿ ಒಂದು ಊರು. ಆವುಲಪ್ಪ ಅಂತ, ಹೊಸದಾಗಿ ದೊಡ್ಡ ಹುಳುಮನೆ ಕಟ್ಟವ್ರೆ. ಅವರಿಗೂ ಅಕ್ಕಪಕ್ಕದ ನಾಲ್ಕು ಜನಕ್ಕೂ ಈ ಮೆಶೀನು ತೋರಿಸೋಕೆ ಹೋಗಿದ್ದೆ. ಅವರಿಗೆ ನಂಬಿಕೆ ಇಲ್ಲ. ಎರಡು ಕೋರಂತೆ, ಹಳೇದಂತೆ, ಇದೇನು ಮಾಡೀತು, ಅಂತ ಒಬ್ಬ ನಗ್ತಾನೆ. ನನಗೆ ಉರಿದು ಹೋಯ್ತು. ಅದೇ ಹೊತ್ತಿಗೆ ಫೋನ್ ಬಡ್ಕೊಂತು. ನಿಮ್ಮನೇದು. ನಾನು ಫೋನ್ ಎತ್ತಿ ಎಲ್ಲರಿಗೂ ತೋರಿಸ್ದೆ. ನೋಡಿ ಸ್ವಾಮಿ, ಜಂಗಮಕೋಟೇಲಿ ಒಂದು ಹುಳುಮನೇಲಿ ಈಗ, ಈ ಗಳಿಗೇಲಿ ಗಾಳಿ ಕೆಟ್ಟೈತೆ, ಕರೆಂಟಿಲ್ಲದೇನೂ ಹೇಳ್ತು ನೋಡಿ, ಇದು ನನ್ನ ಮೆಶೀನು ಅಂದೆ. ಓಕೆ ಒತ್ತಿದೆ. ಗಾಳಿ ಇನ್ನೂ ಕೆಡ್ತಾ ಇದ್ರೆ ಏಳು ನಿಮಿಷಕ್ಕೆ ಮತ್ತೆ ಹೇಳುತ್ತೆ, ಕಾಯ್ತಿರಿ ಅಂದೆ. ಕಾದ್ರು ಭಾನು. ಟೀ ಕುಡೀತಾ ಐದು ಜನ ನನ್ನ ಫೋನ್ ಸುತ್ತ ಕೂತು ಕಾದ್ರು. ಏಳು ನಿಮಿಷಕ್ಕೆ ಸರಿಯಾಗಿ ಬಂತು. ಭಲೇ ಅಂದ್ರು.

ನನಗೆ ಖುಷಿ ಆಯ್ತು. ನಿನ್ನ ಮುಂದೆ ಇನ್ನು ಸುಳ್ಳು ಹೇಳಲ್ಲ. ತುಂಬಾ ಖುಷಿ ಆಯ್ತು. ಜಾಹಿದ್ ಗೋಣಿಚೀಲದಲ್ಲಿ ಬಿಸಾಕಿದ್ದ ಪ್ರೊಸೆಸರು, ಅದನ್ನ ನೋಡಿ ಐದು ಜನ ಭಲೇ ಅಂದ್ರು.

ಮೂರನೇ ಸಲ ಬಂದಾಗ ಆವುಲಪ್ಪ ಕೇಳಿದ್ರು. ಅಲ್ಲಪ್ಪ, ನೀನು ಆ ಮನೆಯೋರಿಗೆ ಫೋನ್ ಮಾಡಬೇಕಲ್ವಾ ಅಂತ. ನಾನು ಏನಂದೆ ಗೊತ್ತಾ? ಅಕ್ಕ ಆಗ್ಲೇ ಬಾಗಿಲು ತೆಗೆದಿರ್ತಾರೆ, ದಿನಾ ಇದೇ ಕಥೆ, ನೀವು ಟೀ ಕುಡೀರಿ ಅಂದೆ. ಮನಸ್ಸಲ್ಲಿ, ಇದು ಮುಗೀಲಿ, ಮಾಡಣ ಅಂದ್ಕೊಂಡೆ. ಆಮೇಲೆ ಆರನೇ ಸಲ ಬಂದಾಗ ಮಾತು ಸೈಜು, ಬ್ಯಾಟರಿ ಅಂತ ಬೇರೆ ಕಡೆ ಹೋಗಿತ್ತು. ಫೋನ್ ಬಡ್ಕೊಳ್ತಾನೆ ಐತೆ, ಅಡ್ಡ ಬರ್ತಿತ್ತು. ಇವತ್ತಿಗೆ ಸಾಕು ಅಂತ ಒಂದು ಬಟನ್ ಇಟ್ಟಿದ್ದೀನಿ ಅದರಲ್ಲಿ. ಅದನ್ನ ಒತ್ತಿದೆ. ಅಲ್ಲಿದೆ ನೋಡು, ಎರಡೂ ನಲವತ್ತೈದು. ಆಮೇಲೆ ಅದು ನನ್ನನ್ನ ಕರೀಲಿಲ್ಲ. ಬರೀ ಬರ್ಕೊಂಡು ಹೋಗೈತೆ. ಆರುನೂರು, ಎಂಟುನೂರು, ಸಾವಿರದ ನೂರು. ಐದೂ ಇಪ್ಪತ್ತಕ್ಕೆ ಬಾಗಿಲು ತೆಗೆದಿದೆ, ಅದು ನಿಮ್ಮಪ್ಪ. ಆರೂ ಇಪ್ಪತ್ತಕ್ಕೆ ಮೆಶೀನು ಬಂದ್. ಅದು ನಾನು, ಸುದ್ದಿ ಕೇಳಿ ಅಲ್ಲಿಂದ ನೇರ ನಿಮ್ಮನೆಗೆ ಬಂದಿದ್ದೆ. ಎಲ್ಲರೂ ಅಕ್ಕನ ಸುತ್ತ ಅಳ್ತಿದ್ರು, ನಾನು ಹಿಂದಿಂದ ಹೋಗಿ ಬ್ಯಾಟರಿ ವೈರು ಕಿತ್ತು, ಬಂದು ನಿಮ್ಮಪ್ಪನಿಗೆ ಮೆಶೀನು ಸತ್ತೋಗೈತೆ ಅಣ್ಣ ಅಂದೆ.

ಯಾವ ಸಾಲು ತೋರಿಸ್ತಿದ್ದೀಯ? ಮೇಲಿನದಾ? ... ಅದು ಬೇಡ ಭಾನು. ಅದನ್ನ ನೀನು ನೋಡಬಾರದು ಅಂತಲೇ ನಾನು ಡಬ್ಬ ಬಿಡು ಬಿಡು ಅಂತಿದ್ದಿದ್ದು.

ಎರಡೂ ಮೂವತ್ತಮೂರು, ಬಾಗಿಲು ತೆಗೆದಿದೆ. ಎರಡೂ ಮೂವತ್ತನಾಲ್ಕು, ಬಾಗಿಲು ಮುಚ್ಚಿದೆ.

ಹೌದು. ಅಕ್ಕ. ತೋಟದಿಂದ ನಿಮ್ಮಪ್ಪ ಬಂದಿರ್ಲಿಲ್ಲ, ಬೇರೆ ಯಾರು ಬಾಗಿಲು ತೆಗೀತಾರೆ. ತಲೆ ಸುತ್ತಿರಬೇಕು, ಎದ್ದು ಬಂದು ತೆಗೆದವ್ರೆ. ಹೊರಗಡೆ ಜಡಿ, ಥಂಡಿ ಗಾಳಿ ನುಗ್ಗಿರುತ್ತೆ. ಹುಳು ಜ್ವರದಲ್ಲವೆ ಅಂತ ಮುಚ್ಚವ್ರೆ. ಮುಚ್ಚಿ ಮತ್ತೆ ಮಲಗವ್ರೆ. ಅದಕ್ಕೆ ಎರಡು ನಿಮಿಷ ಮುಂಚೆ ನಾನು ನಾಲ್ಕನೇ ಓಕೆ ಒತ್ತಿದ್ದೆ. ಆಗ ಫೋನ್ ಮಾಡಿದ್ರೆ ಎಚ್ಚರ ಇದ್ರು, ಎತ್ತೋರು. ಅಕ್ಕಾ, ಬಾಗಿಲು ಮುಚ್ಚಬೇಡಿ ಅಂದಿದ್ರೆ, ಬೈಕೊಂಡಾದ್ರೂ ಹೊರಗೆ ಬಂದು ಕೂರೋರು. ಈ ಸಾಲು ನನ್ನ ಫೋನಲ್ಲೂ ಐತೆ, ಹನ್ನೆರಡು ದಿನದಿಂದ ನಾನು ಇದೊಂದು ನಿಮಿಷಾನೇ ನೋಡ್ತಾ ಇದ್ದೀನಿ ಕಣಮ್ಮ. ಇನ್ನೇನೂ ಕಾಣಲ್ಲ ನನಗೆ.

ಬೈ. ಹೊಡಿ. ಈ ಡಬ್ಬ ಎತ್ತಿ ತಲೆ ಮೇಲೆ ಹಾಕು.

ಯಾರಿಗೆ ಫೋನ್ ಮಾಡ್ತಿದ್ದೀಯ? ಪೊಲೀಸಿಗಾ? ಮಾಡು, ನಾನು ಎಲ್ಲೂ ಹೋಗಲ್ಲ... ಅಪ್ಪ ಅಂತ ಬರ್ತೈತಲ್ಲ ಅದರಲ್ಲಿ. ಬೇಡ ಭಾನು, ಅವರಿಗೆ ಬೇಡ. ಪೊಲೀಸಿಗೇ ಮಾಡು. ನೀನೇ ಹೇಳಮ್ಮ, ನಿನ್ನ ಬಾಯಲ್ಲೇ ಹೇಳು, ನನ್ನ ಕೈಗೆ ಕೊಡಬೇಡ...

ಹಲೋ. ಹಲೋ ಅಣ್ಣ. ನಾನು ಅಮಾನುಲ್ಲಾ. ಇಲ್ಲ ಇಲ್ಲ, ಭಾನು ಚೆನ್ನಾಗವ್ಳೆ, ನನ್ನ ಎದುರಿಗೆ ಕೂತವ್ಳೆ. ಅಂಗಡಿಗೆ ಬಂದಿದ್ಳು. ಊಟ ಮಾಡಿದ್ರಾ ಅಣ್ಣ? ... ಹಂಗನ್ನಬೇಡಿ ಚೆನ್ನರಾಯಪ್ಪಣ್ಣ, ನಿಮ್ಮ ಕೈಯಾರೆ ಅಲ್ಲ. ಕೇಳಿ ಇಲ್ಲಿ. ನೀವು ಕುಂಪಟಿ ಇಟ್ಟಿದ್ದು ನನ್ನನ್ನ ನಂಬ್ಕೊಂಡು. ಮೆಶೀನು ಅವತ್ತು ನಿಂತಿರ್ಲಿಲ್ಲ ಅಣ್ಣ. ಆರು ಸಲ ನನ್ನನ್ನ ಕರೀತು. ಆರು ಸಲಾನೂ ನಾನು ನೋಡ್ದೆ. ನೋಡಿ ಸುಮ್ಮನಾದೆ.

ಅಣ್ಣ?

ಭಾನು, ಅವರು ಮಾತಾಡ್ತಿಲ್ಲ. ಫೋನ್ ಇಟ್ಟಿಲ್ಲ, ಉಸಿರು ಕೇಳಿಸ್ತೈತೆ. ಏನಾದ್ರೂ ಒಂದು ಮಾತು ಆಡು ಅನ್ನಮ್ಮ ಅವರಿಗೆ. ಅಣ್ಣ... ಅಣ್ಣ, ಇದ್ದೀರಾ?